ಬಾಷಾ ಸಾಬರು ಮದ್ದಿಗೂ ಖಜಾ ಮಾಡಿದ್ದು

ನಮ್ಮ ಶಿರಾದಲ್ಲಿ ಕಾಯಿಲೆಯವರಿಗಿಂತ ಮದ್ದು ಕೊಡುವವರೇ ಹೆಚ್ಚು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಂದು ಸಲ ಕೆಮ್ಮಿ ನೋಡಿ. ಕಂಡಕ್ಟರ್ ಒಂದು ಕಷಾಯ ಹೇಳುತ್ತಾನೆ, ಕಡಲೆಕಾಯಿ ಮಾರುವವಳು ಒಂದು ಲೇಹ್ಯ ಹೇಳುತ್ತಾಳೆ, ಜೇಬು ಕತ್ತರಿಸಲು ಬಂದವನು ಕೂಡ ಕೈ ಹಿಂದಕ್ಕೆ ತೆಗೆದು, "ಅದುಕ್ಕೆ ಆಡುಸೋಗೆ ಸೊಪ್ಪು ಒಳ್ಳೇದು ಕಣಣ್ಣ" ಎನ್ನುತ್ತಾನೆ. ಇವರನ್ನು ಯಾರೂ ಏನೂ ಕೇಳಿರುವುದಿಲ್ಲ. ನನ್ನ ಕೈಗೆ ಅಧಿಕಾರ ಕೊಟ್ಟರೆ ಇಂಥವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಅವರವರ ಮದ್ದನ್ನು ಅವರವರ ಬಾಯಿಗೇ ಹೊಯ್ಯಿಸುತ್ತೇನೆ. ಅಧಿಕಾರ ಯಾರೂ ಕೊಡುವುದಿಲ್ಲ. ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರ ಲೆಕ್ಕ ತಪ್ಪು ಎಂದದ್ದಕ್ಕೇ ಶಾಲೆ ಬಿಟ್ಟು ಪಂಕ್ಚರ್ ಹಾಕಲು ಕೂತವನು ನಾನು. ಕದರಪ್ಪನ ಸೈಕಲ್ ಶಾಪ್ ಎಂದರೆ ಯಾರಾದರೂ ತೋರಿಸುತ್ತಾರೆ.

ನನ್ನ ಶಾಪಿನ ಎದುರಿಗೇ ಬಾಷಾ ಸಾಬರ ಹಾಸಿಗೆ ಅಂಗಡಿ. ಆಳೆತ್ತರದ ಬಿಲ್ಲನ್ನು ಸೂರಿಗೆ ನೇತುಹಾಕಿ, ಮರದ ಹಿಡಿಯಿಂದ ಅದರ ಹುರಿಯನ್ನು ಟಣ್ ಟಣ್ ಎಂದು ಮೀಟಿದರೆ ಹತ್ತಿ ಅರಳಿ ಮೋಡದಂತೆ ಏಳುತ್ತದೆ. ಆ ಮೋಡದಲ್ಲಿ ಅರ್ಧ ಗಿರಾಕಿಯ ಹಾಸಿಗೆಯೊಳಕ್ಕೆ ಹೋಗುತ್ತದೆ, ಅರ್ಧ ಬಾಷಾ ಸಾಬರ ಎದೆಯೊಳಕ್ಕೆ. ಐವತ್ತು ದಾಟುವ ಹೊತ್ತಿಗೆ ಅವರಿಗೆ ಉಬ್ಬಸ ಹತ್ತಿಕೊಂಡಿತು. ಚಳಿಗಾಲದಲ್ಲಿ ಅವರು ಉಸಿರೆಳೆದರೆ ರಸ್ತೆಯ ಈಚೆ ಕೂತ ನಾನು ಯಾವ ಟ್ಯೂಬು ಗಾಳಿ ಬಿಡುತ್ತಿದೆ ಎಂದು ಹುಡುಕುತ್ತಿದ್ದೆ.

ಉಬ್ಬಸಕ್ಕಿಂತ ದೊಡ್ಡ ಕಾಯಿಲೆ ಅವರಿಗೆ ಇನ್ನೊಂದಿತ್ತು. ಯಾರು ಏನು ಹೇಳಿದರೂ "ಆಯ್ತು" ಎಂದುಬಿಡುವುದು. ನಮ್ಮ ಕಡೆ ಮದ್ದು ಕೊಡುವವನು ಕಾಸು ಕೇಳುವುದಿಲ್ಲ, ಮಾತು ಕೇಳುತ್ತಾನೆ. "ನಂದು ಹಿಡಿದ ಮ್ಯಾಲೆ ಇನ್ನೊಬ್ಬರದ್ದು ಮುಟ್ಟಬಾರ್ದು" ಎಂದು ಕೈಮೇಲೆ ಕೈ ಹಾಕಿಸಿಕೊಂಡೇ ಪೊಟ್ಟಣ ಬಿಚ್ಚುತ್ತಾನೆ. ಬಾಷಾ ಸಾಬರು ಎಲ್ಲರ ಕೈಮೇಲೂ ಕೈ ಹಾಕಿದರು.

ಮೊದಲನೆಯವರು ಹಕೀಮ ಜಹೀರ್ ಅಹಮದ್. ಮಸೀದಿಯ ಪಕ್ಕದ ಮನೆ. ಇದ್ದಿಲಿನಂತೆ ಕಪ್ಪಗಿನ ಮಾಜೂನ್ ಎಂಬ ಲೇಹ್ಯ ಒಂದು ಜಾಡಿ ಕೊಟ್ಟು, ದಿನಕ್ಕೆ ಮೂರು ಸಲ ಅಡಿಕೆ ಗಾತ್ರ ನುಂಗು ಎಂದರು. ಅದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, "ನಮ್ಮ ದಾದಾಜಾನ್ ಹೇಳದೆ ಹೋದರು, ನಾನೂ ಹೇಳದೇ ಹೋಗ್ತೀನಿ" ಎಂದರು.

ಎರಡನೆಯವರು ಕೊಳಾಲದ ಪಂಡಿತ ರುದ್ರಯ್ಯ. ವಾರಕ್ಕೊಮ್ಮೆ ಸಂತೆಗೆ ಬರುವವರು. ಉಮ್ಮತ್ತಿ ಎಲೆಯನ್ನು ಒಣಗಿಸಿ ಬೀಡಿಯಂತೆ ಸುತ್ತಿ, ಬೆಳಿಗ್ಗೆಯೊಂದು ಸಂಜೆಯೊಂದು ಸೇದು ಎಂದು ಕಟ್ಟು ಕೊಟ್ಟರು.

ಮೂರನೆಯವರು ಸ್ವಂತ ಹೆಂಡತಿ ಅಮೀರುನ್ನೀಸಾ. ಪಾವಗಡದ ಕಡೆಯವರು; ಸಿಟ್ಟು ಬಂದರೆ ತೆಲುಗು ಮಾತಾಡುತ್ತಾರೆ, ದಿನವೂ ತೆಲುಗು ಮಾತಾಡುತ್ತಾರೆ. ಚಮಚ ನೆಟ್ಟರೆ ನಿಲ್ಲುವಂಥ ಟೀ ಕಾಸಿ, "ಇದು ತಾಗಿ ಚೂಡು, ಎದೆ ಹೆಂಗೆ ಬಿಚ್ಕೋತದೆ" ಎಂದು ಲೋಟದ ಮೇಲೆ ಲೋಟ ಕೊಡುತ್ತಿದ್ದರು.

ಮೂರೂ ಮದ್ದು ಒಬ್ಬರದು ಒಬ್ಬರಿಗೆ ಕಾಣಬಾರದಲ್ಲ? ಟೀ ಹೊಟ್ಟೆಗೆ ಹೋಗುತ್ತಿತ್ತು; ಉಳಿದೆರಡನ್ನು ಬಾಷಾ ಸಾಬರು ಅಂಗಡಿಯ ದಿಂಬುಗಳೊಳಗೆ ಹತ್ತಿಯ ನಡುವೆ ಇಡುತ್ತಿದ್ದರು. ಒಂದು ದಿನ ಶೇಕ್ದಾರರ ಹೆಂಡತಿ ದಾಕ್ಷಾಯಣಮ್ಮ ಹಿಂದಿನ ವಾರ ಕೊಂಡಿದ್ದ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ನುಗ್ಗಿದರು.

"ಏನ್ರೀ ಸಾಬ್ರೇ, ನಮ್ಮನೆಯವರು ಬೀಡಿ ಬಿಟ್ಟೆ ಅಂತ ದೇವರ ಮುಂದೆ ಪ್ರಮಾಣ ಮಾಡಿ ಆರು ತಿಂಗಳಾಯ್ತು. ನಿಮ್ಮ ದಿಂಬಿನೊಳಗೆ ಒಂದು ಕಟ್ಟು ಸಿಕ್ತಲ್ಲ! ಅವರು ನಿಮಗೆಷ್ಟು ಕೊಟ್ಟಿದ್ದರು, ಬಚ್ಚಿಡೋಕೆ?"

ಬಾಷಾ ಸಾಬರು ನನ್ನನ್ನು ನೋಡಿದರು, ಸೂರನ್ನು ನೋಡಿದರು. ಆಮೇಲೆ, "ಅದು ತಿಗಣೆಗೆ ಕಣಮ್ಮ" ಎಂದರು.

"ತಿಗಣೆ ಬೀಡಿ ಸೇದ್ತಾವಾ?"

"ವಾಸನೆಗೆ ಓಡೋಗ್ತವೆ ತಾಯಿ."

ಮರುದಿನದಿಂದ ತಿಗಣೆ ದಿಂಬು ಬೇಕೆಂದು ತಾಲ್ಲೂಕು ಕಚೇರಿಯವರ ಮೂರು ಮನೆಗಳಿಂದ ಹೇಳಿಕಳಿಸಿದರು. ಸರ್ಕಾರ ನಡೆಯುವುದು ಇಂಥ ತಲೆಗಳಿಂದ.

ಚೀನಾ ಯುದ್ಧ ನಿಂತ ಆ ಚಳಿಗಾಲದಲ್ಲಿ ಸರ್ಕಾರಿ ಆಸ್ಪತ್ರೆಗೆ ಮಧುಗಿರಿಯಿಂದ ಡಾಕ್ಟರ್ ಮಹಾಲಿಂಗಯ್ಯ ವರ್ಗವಾಗಿ ಬಂದರು. ಬಾಷಾ ಸಾಬರ ಎದೆಗೆ ಕೊಳವೆ ಇಟ್ಟು ಕೇಳಿ, ಬೀರುವಿನಿಂದ ಒಂದು ವಸ್ತು ತೆಗೆದುಕೊಟ್ಟರು. ಗಾಜಿನ ಪುಟ್ಟ ಬುರುಡೆ, ಅದಕ್ಕೊಂದು ಮೂತಿ, ಹಿಂದೆ ನಿಂಬೆಹಣ್ಣಿನ ಗಾತ್ರದ ಕೆಂಪು ರಬ್ಬರ್ ಉಂಡೆ. ಒಳಗೆ ನಾಲ್ಕು ಹನಿ ಔಷಧಿ ಬಿಟ್ಟು, ಮೂತಿಯನ್ನು ಬಾಯಿಗಿಟ್ಟು ಉಂಡೆ ಅದುಮಿದರೆ ಔಷಧಿ ಮಂಜಾಗಿ ಎದೆಗೆ ಇಳಿಯುತ್ತದೆ. ಜೊತೆಗೆ ಹೋಗಿದ್ದ ನನ್ನ ಎದುರಿಗೇ ಡಾಕ್ಟರು ಬಿಡಿಸಿ ಹೇಳಿದರು.

"ಉಸಿರು ಸಿಕ್ಕಿಕೊಂಡಾಗ ಮಾತ್ರ. ಎರಡು ಸಲ ಅದುಮಿ. ಅದಕ್ಕೂ ಇಳೀಲಿಲ್ಲ ಅಂದ್ರೆ ಅದುಮ್ತಾ ಕೂರಬೇಡಿ, ನನ್ನ ಹತ್ರ ಬನ್ನಿ. ಇದು ಎದೆ ಬಡಿತ ಏರಿಸೋ ಔಷಧಿ. ಅಂಥದ್ದೇ ಇನ್ನೊಂದು ಜೊತೆಗೆ ಸೇರಿದ್ರೆ ಹೃದಯ ತಡಕೊಳ್ಳಲ್ಲ. ಬೇರೆ ಏನಾದ್ರೂ ತಗೋತಿದೀರಾ?"

"ಏನೂ ಇಲ್ಲ ಸ್ವಾಮಿ" ಎಂದರು ಬಾಷಾ ಸಾಬರು. ಹಾಗೆನ್ನುವಾಗ ಪಂಡಿತರ ಉಮ್ಮತ್ತಿ ಬೀಡಿ ಅವರ ಕಿವಿಯ ಸಂದಿಯಲ್ಲೇ ಇತ್ತು. ಡಾಕ್ಟರು ಅದನ್ನು ಬರೀ ಬೀಡಿ ಎಂದುಕೊಂಡು, "ಅದನ್ನೂ ಬಿಸಾಕಿ" ಎಂದರು.

"ಆಯ್ತು."

ಆವತ್ತಿನಿಂದ ಬಾಷಾ ಸಾಬರು ದೊಡ್ಡ ಮನುಷ್ಯರಾದರು. ಆ ಔಷಧಿ ಪಂಪನ್ನು ಹಸಿರು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಎದೆ ಜೇಬಿನಲ್ಲಿ ಇಟ್ಟುಕೊಂಡು, ರಬ್ಬರ್ ಉಂಡೆ ಮಾತ್ರ ಹೊರಗೆ ಕಾಣುವಂತೆ ಬಜಾರಿನಲ್ಲಿ ತಿರುಗಿದರು. ನೋಡಲು ಜನ ಬಂದರು. ಯಾರಿಗಾದರೂ ತೋರಿಸಬೇಕೆಂದೇ ಅವರಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ಅದುಮಿ ಅದುಮಿ ಉಂಡೆ ಸೀಳಿದಾಗ ಸೈಕಲ್ ಟ್ಯೂಬಿನ ತುಂಡು ಅಂಟಿಸಿ ಪಂಕ್ಚರ್ ಹಾಕಿದವನು ನಾನೇ.

ಹಕೀಮರಿಗೆ ಸುದ್ದಿ ಮುಟ್ಟಿತು. "ಬಾಷಾ, ಆ ಗಾಳಿ ಡಬ್ಬಿ ಬಂದ ಮೇಲೆ ನನ್ನ ಮಾಜೂನ್ ಬಿಟ್ಟೆಯೇನೋ?" "ತೌಬಾ ತೌಬಾ, ಇದು ಬರೀ ತೋರಿಕೆಗೆ ಹಜರತ್, ಜೀವ ಉಳಿದಿರೋದು ನಿಮ್ಮ ಮಾಜೂನಿಂದ." ಪಂಡಿತರು ಕೇಳಿದಾಗ ಜೀವ ಉಳಿದದ್ದು ಅವರ ಬೀಡಿಯಿಂದ. ಮನೆಯಲ್ಲಿ ಟೀಯಿಂದ. ಈ ಮನುಷ್ಯ ಒಂದೇ ಜೀವವನ್ನು ನಾಲ್ಕು ಜನಕ್ಕೆ ಬರೆದುಕೊಟ್ಟಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಓದಿದವರು ಹೇಳಿದ್ದನ್ನು ಕೇಳದೆ, ಹೆಸರಿಲ್ಲದ ಮಾಜೂನ್, ಹಿತ್ತಲ ಎಲೆ ನಂಬಿಕೊಂಡು ಕೂರುತ್ತಾರಲ್ಲ ಇವರು!

ಅದಕ್ಕೇ ತುಮಕೂರಿಗೆ ಸ್ಪೋಕ್ಸ್ ತರಲು ಹೋದಾಗ ಒಂದು ಮೆಡಿಕಲ್ ಅಂಗಡಿಯಲ್ಲಿ ಉಬ್ಬಸಕ್ಕೆ ಬಿಳಿ ಮಾತ್ರೆ ತಂದುಕೊಟ್ಟೆ. ಅದು ಬೇರೆ ವಿಷಯ. ಕಂಪೆನಿ ಮಾಲು, ಶೀಶೆಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚು. ಅಂಗಡಿಯವನು ಚೀಟಿ ಕೇಳಲಿಲ್ಲ, ನಾನು ತೋರಿಸಲಿಲ್ಲ. "ದಿನಕ್ಕೆ ಮೂರು ಸಾಬ್ರೆ. ಇದುನ್ನ ತಗೊಂಡ್ಮೇಲೆ ಆ ಮಾಜೂನ್ ಗೀಜೂನ್ ಎಲ್ಲ ಬುಟ್ಬುಡಿ" ಎಂದು ಕೈಮೇಲೆ ಕೈ ಹಾಕಿಸಿಕೊಂಡೆ.

"ಆಯ್ತು ಕಣಪ್ಪ" ಎಂದರು.

ಇಷ್ಟರಲ್ಲಿ ರಂಜಾನ್ ಬಂತು. ಹಿಂದಿನ ಮೂರು ವರ್ಷ ಉಬ್ಬಸದಿಂದ ಅವರು ಉಪವಾಸ ಹಿಡಿದಿರಲಿಲ್ಲ. ಈ ವರ್ಷವೂ ಮಸೀದಿಯ ಇಮಾಮರು, "ಕಾಯಿಲೆಯವರಿಗೆ ರಿಯಾಯಿತಿ ಇದೆ ಬಾಷಾ, ಮೈ ಸರಿಹೋದ ಮೇಲೆ ಹಿಡಿ" ಎಂದೇ ಹೇಳಿದರು. ಬಾಷಾ ಸಾಬರಿಗೆ ಅದು ಸರಿಬರಲಿಲ್ಲ. ಇಷ್ಟೊಂದು ಜನ ಸೇರಿ ವಾಸಿ ಮಾಡಿದ ಮೇಲೂ ಉಪವಾಸ ಹಿಡಿಯದಿದ್ದರೆ ಕೊಟ್ಟವರ ಮುಖ ಏನಾಗಬೇಕು? "ನಾನು ಸರಿಹೋಗಿವ್ನಿ" ಎಂದು ಊರಿಗೆಲ್ಲ ಹೇಳಿ ಹಿಡಿದೇಬಿಟ್ಟರು. ನೀರಿಲ್ಲ, ಅನ್ನವಿಲ್ಲ, ಬೀಡಿಯಿಲ್ಲ, ಮಾತ್ರೆಯಿಲ್ಲ, ಪಂಪೂ ಇಲ್ಲ. ಹತ್ತಿ ಹಿಂಜುವುದನ್ನೂ ನಿಲ್ಲಿಸಿ ಹಾಸಿಗೆ ಹೊಲಿಯುತ್ತಾ ಕೂತರು. ಧೂಳಿಲ್ಲದ್ದಕ್ಕೋ ಏನೋ, ಹಗಲು ಉಸಿರು ಚೆನ್ನಾಗಿಯೇ ಆಡುತ್ತಿತ್ತು. ಯಾರೂ ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲ.

ಹತ್ತನೆಯ ದಿನವೋ ಏನೋ ಸಂಜೆ ನನ್ನನ್ನು ಇಫ್ತಾರಿಗೆ ಕರೆದರು. ಮಸೀದಿಯಲ್ಲಿ ಬಾಂಗು ಆಯಿತು. ಬಾಷಾ ಸಾಬರು ಒಂದು ಖರ್ಜೂರ ತಿಂದು ನೀರು ಕುಡಿದು, ಒಂದು ದಿಂಬಿನ ಹೊಲಿಗೆ ಬಿಚ್ಚಿದರು. ಮಾಜೂನ್ ಅಡಿಕೆ ಗಾತ್ರದ್ದು ಮೂರು ಉಂಡೆ ಒಟ್ಟಿಗೆ ನುಂಗಿದರು. ಬಿಳಿ ಮಾತ್ರೆ ಮೂರು. ಟೀ ನಾಲ್ಕು ಲೋಟ. ಅಮೀರುನ್ನೀಸಾ ಒಳಕ್ಕೆ ಹೋದ ಮೇಲೆ ಉಮ್ಮತ್ತಿ ಬೀಡಿ ಎರಡು. ಕೊನೆಗೆ ಪಂಪು ತೆಗೆದು ಅದುಮತೊಡಗಿದರು. ಒಂದು, ಎರಡು, ಮೂರು...

"ಉಸಿರು ಸಿಕ್ಕೊಂಡೈತಾ ಸಾಬ್ರೆ?"

"ಇಲ್ಲ ಬೇಟಾ."

"ಮತ್ಯಾಕೆ?"

"ಖಜಾ ಕಣಪ್ಪ."

ಹೊತ್ತಿಗೆ ತಪ್ಪಿದ ನಮಾಜನ್ನು ಆಮೇಲೆ ಲೆಕ್ಕ ಹಾಕಿ ಸಲ್ಲಿಸುವುದಕ್ಕೆ ಖಜಾ ಎನ್ನುತ್ತಾರೆ. ನಮಾಜಿನ ಬಾಕಿಯನ್ನೇ ಬಿಡದ ಮನುಷ್ಯ ಮದ್ದಿನ ಬಾಕಿ ಬಿಡುತ್ತಾರೆಯೇ? "ಬೆಳಿಗ್ಗೆ ತಪ್ಪಿದ್ದು, ಮಧ್ಯಾಹ್ನ ತಪ್ಪಿದ್ದು, ಈಗಿಂದು; ಹೊತ್ತಿಗೆ ಎರಡು, ಮೇಲೊಂದು ಕೊಸರು. ಎಲ್ಲಾ ಸಲ್ಲಿಸ್ಬುಟ್ರೆ ಯಾರಿಗೂ ಮೋಸ ಆಗಲ್ಲ." ಎಂಟು, ಒಂಬತ್ತು. ಕೈ ನಡುಗುತ್ತಿತ್ತು, ಹಣೆಯಲ್ಲಿ ಬೆವರು.

"ಕೈ ಯಾಕೆ ನಡುಗ್ತೈತೆ?"

"ಉಪವಾಸದ ನಿಶ್ಶಕ್ತಿ. ಎದೇನೂ ಡವಡವ ಅಂತದೆ. ಹಕೀಮರನ್ನ ಕೇಳಿದೆ, ಮಾಜೂನ್ ಜಾಸ್ತಿ ಮಾಡು ಅಂದ್ರು. ಪಂಡಿತರು ಬೀಡಿ ಇನ್ನೊಂದು ಸೇದು ಅಂದ್ರು."

ನಾನು ಆ ಇಬ್ಬರನ್ನೂ ಬಾಯಿಗೆ ಬಂದಂತೆ ಬೈದೆ. ಬೈದು, "ನನ್ ಮಾತ್ರೆ ಮಾತ್ರ ತಪ್ಪಿಸಬ್ಯಾಡಿ" ಎಂದೆ.

ಎರಡು ದಿನ ಬಿಟ್ಟು, ಸಂತೆಯ ದಿನ, ಸಂಜೆ ಬಾಂಗು ಆಗಿ ಅರ್ಧ ಗಂಟೆಗೆ ಅಮೀರುನ್ನೀಸಾ ಬೀದಿಗೆ ಓಡಿಬಂದರು.

"ಕದರಪ್ಪಾ! ರಾ ಬೇಗ! ಇವರ ಎದೆ ಅಂಗಿ ಮೇಲಿಂದ್ಲೇ ಕುಣೀತೈತೆ! ಯಾ ಅಲ್ಲಾ, ನೇನೇಮಿ ಚೇಸೇದಿ!"

ಅಂಗಡಿ ಹಿಂದಿನ ಮನೆಯೊಳಗೆ ಬಾಷಾ ಸಾಬರು ಗೋಡೆಗೆ ಒರಗಿ ಕೂತಿದ್ದರು. ಮುಖ ಕೆಂಪು, ನಾಲಿಗೆ ಒಣಗಿ ಮಾತು ಅಂಟುತ್ತಿತ್ತು, ಕಣ್ಣಪಾಪೆ ಬೆಕ್ಕಿನಂತೆ ಅಗಲವಾಗಿತ್ತು. "ಉಸಿರು... ಉಬ್ಬಸ ಬಂತು..." ಎನ್ನುತ್ತಾ ಮತ್ತೆ ಪಂಪಿಗೆ ಕೈ ಹಾಕಿದರು. ಹಾಸಿಗೆ ಸಾಗಿಸುವ ತಳ್ಳುಗಾಡಿಯಲ್ಲಿ ಒಂದು ಹೊಸ ಹಾಸಿಗೆ ಹಾಕಿ ಅವರನ್ನು ಮಲಗಿಸಿ ಆಸ್ಪತ್ರೆ ಕಡೆ ತಳ್ಳಿದೆ. ಬಜಾರಿನಲ್ಲಿ ಜನ ದಾರಿ ಬಿಡುವ ಬದಲು ಸಲಹೆ ಕೊಟ್ಟರು. ಒಬ್ಬ ಬೆಳ್ಳುಳ್ಳಿ ಎಂದ. ಒಬ್ಬ ಕತ್ತೆ ಹಾಲು ಎಂದು, ಕತ್ತೆ ಯಾರ ಮನೆಯಲ್ಲಿದೆ ಎಂದೂ ಹೇಳಿದ. ಮಸೀದಿ ಹತ್ತಿರ ಹಕೀಮರು ಜಾಡಿ ಹಿಡಿದು ಜೊತೆಗೂಡಿದರು. ಸಂತೆ ಮೂಲೆಯಲ್ಲಿ ಗಂಟು ಕಟ್ಟುತ್ತಿದ್ದ ಪಂಡಿತರು, "ನನ್ನ ರೋಗಿ ಕಣಯ್ಯ, ನಿಲ್ಸು!" ಎಂದು ಹಿಂದೆ ಓಡಿಬಂದರು.

"ನಿಮ್ಮ ರೋಗಿ?" ಎಂದರು ಹಕೀಮರು.

"ಮತ್ತೆ ನಿಮ್ಮ ರೋಗಿಯೇ?"

ಇಬ್ಬರೂ ಗಾಡಿಯ ಎರಡು ಕಡೆಯಿಂದ ಬಾಷಾ ಸಾಬರ ಮುಖ ನೋಡಿದರು. ಬಾಷಾ ಸಾಬರು ಕಣ್ಣು ಮುಚ್ಚಿಕೊಂಡರು.

ಡಾಕ್ಟರು ನಾಡಿ ಹಿಡಿದು ಗಡಿಯಾರ ನೋಡಿದರು. ಮತ್ತೆ ಹಿಡಿದು ಮತ್ತೆ ನೋಡಿದರು. "ನೂರಾ ಐವತ್ತಕ್ಕಿಂತ ಮೇಲಿದೆ" ಎಂದರು. ಉಬ್ಬಸಕ್ಕೆ ಕೊಡುವ ಸೂಜಿಮದ್ದು ಸಿರಿಂಜಿಗೆ ಎಳೆದು ಕೈಯಲ್ಲಿ ಹಿಡಿದಾಗಿತ್ತು. ಹಿಡಿದವರು ನಿಂತರು.

"ಬಾಷಾ, ಇಲ್ಲಿ ನೋಡಿ. ಈ ಸೂಜೀನೂ ಹೃದಯ ಓಡಿಸೋದೇ. ಒಳಗೆ ಆಗಲೇ ಅಂಥದ್ದು ಇದ್ದು ಇದೂ ಸೇರಿತೋ, ಹೃದಯ ನಿಂತುಹೋಗಬಹುದು. ಉಬ್ಬಸವೇ ಆಗಿದ್ದು ನಾನು ಕೊಡದೆ ಹೋದ್ರೆ ಉಸಿರು ನಿಲ್ಲಬಹುದು. ಇವತ್ತು ಏನೇನು ತಗೊಂಡಿದೀರಿ? ನಿಜ ಹೇಳಿ."

ಬಾಷಾ ಸಾಬರು ಸುತ್ತ ನೋಡಿದರು. ತಲೆಯ ಹತ್ತಿರ ಹಕೀಮರು. ಕಾಲಿನ ಹತ್ತಿರ ಪಂಡಿತರು. ಪಕ್ಕದಲ್ಲಿ ಹೆಂಡತಿ. ಎದುರಿಗೆ ಡಾಕ್ಟರು. ಅಷ್ಟೂ ಜನಕ್ಕೆ ನಿಮ್ಮದು ಬಿಟ್ಟು ಬೇರೆ ಮುಟ್ಟಿಲ್ಲ ಎಂದು ಮಾತು ಕೊಟ್ಟ ಮನುಷ್ಯ, ಅಷ್ಟೂ ಜನರ ನಡುವೆ ಮಲಗಿದ್ದರು.

"ಏನೂ... ಇಲ್ಲ ಸ್ವಾಮಿ."

ಡಾಕ್ಟರು ಸೂಜಿಯನ್ನು ಹತ್ತಿರ ತಂದರು. ಆಗ ಅಮೀರುನ್ನೀಸಾ ಕಿರುಚಿದರು. "ಅಬದ್ಧಂ! ನಾಲ್ಕು ಲೋಟ ಟೀ ಕುಡಿದವ್ರೆ! ನಾನೇ ಕೊಟ್ಟೆ! ಚೆಪ್ಪಯ್ಯಾ, ನಿಜ ಚೆಪ್ಪು! ನಿಂಗೇನಾದ್ರೂ ಆದ್ರೆ ನಾನು ಯಾರ ಮುಖ ನೋಡ್ಲಿ!"

ಬಾಷಾ ಸಾಬರ ಕಣ್ಣಿನ ಕೊನೆಯಲ್ಲಿ ನೀರು ಇಳಿಯಿತು. "ಮಾಜೂನ್... ಮೂರು" ಎಂದರು.

"ಸುಬಹಾನಲ್ಲಾ! ಒಟ್ಟಿಗೇ?" ಎಂದರು ಹಕೀಮರು, ಒಂದು ಹೆಜ್ಜೆ ಹಿಂದಕ್ಕೆ ಇಟ್ಟು.

"ಅದರಲ್ಲಿ ಏನಿದೆ?" ಎಂದರು ಡಾಕ್ಟರು.

ಜೀವಮಾನದಲ್ಲಿ ಹೇಳದ ಗುಟ್ಟನ್ನು ಹಕೀಮರು ಡಾಕ್ಟರ ಕಿವಿಯಲ್ಲಿ ಹೇಳಿದರು. ಡಾಕ್ಟರ ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತಿತು. "ಇನ್ನು?"

"ಪಂಡಿತರ ಬೀಡಿ. ಎರಡು."

"ಉಮ್ಮತ್ತಿಯೇ? ಅದಕ್ಕೇ ಕಣ್ಣು ಹಿಂಗಿವೆ, ಬಾಯಿ ಒಣಗಿದೆ." ಪಂಡಿತರು ಗಂಟನ್ನು ಬೆನ್ನ ಹಿಂದಕ್ಕೆ ಸರಿಸಿದರು. "ನನ್ನ ಪಂಪು ಎಷ್ಟು ಸಲ?"

"ಎರಡೇ... ನೀವು ಹೇಳ್ದಂಗೆ."

"ಅಷ್ಟೇನಾ? ಇನ್ನು ಯಾರದ್ದಾದ್ರೂ?"

ಬಾಷಾ ಸಾಬರು ತಲೆ ತಿರುಗಿಸಿದರು. ಬಾಗಿಲಲ್ಲಿ ನಿಂತ ನನ್ನನ್ನು ಒಂದು ಗಳಿಗೆ ನೋಡಿದರು.

"ಅಷ್ಟೇ" ಎಂದರು.

ಡಾಕ್ಟರು ಯೋಚಿಸಿದರು. "ಹಾಗಿದ್ರೆ ಅರ್ಧ ಸೂಜಿ ಕೊಡಬಹುದೇನೋ" ಎಂದು ತೋಳು ಒರೆಸಿದರು. ಸ್ಪಿರಿಟ್ಟಿನ ವಾಸನೆ ಬಂತು. ಅಷ್ಟು ಹೊತ್ತು ಹಕೀಮರನ್ನೂ ಪಂಡಿತರನ್ನೂ ಮನಸ್ಸಿನಲ್ಲೇ ಬೈಯುತ್ತಾ ನಿಂತಿದ್ದ ನನ್ನ ಬಾಯಿಂದ ಒಂದು ಮಾತು ಹೊರಟಿತು. ಪಂಕ್ಚರ್ ಆದ ಟ್ಯೂಬಿನದಕ್ಕಿಂತ ಸಣ್ಣ ಸ್ವರ.

"ಒಂಬತ್ತು ಸಲ ಸಾರ್."

"ಏನು?"

"ಪಂಪು. ಒಂಬತ್ತು ಸಲ ಒತ್ತುತ್ತಾರೆ. ಮೊನ್ನೆ ನಾನೇ ನೋಡಿದೆ. ತಪ್ಪಿದ್ದುಕ್ಕೆಲ್ಲ ಸೇರ್ಸಿ. ಇನ್ನೂ ಒಂದೈತೆ ಸಾರ್. ಬಿಳಿ ಮಾತ್ರೆ. ಮೂರು."

"ಯಾರು ಕೊಟ್ಟದ್ದು?"

ಬಾಷಾ ಸಾಬರು, "ಹುಡುಗ ಒಳ್ಳೇದುಕ್ಕೇ..." ಎಂದು ಎದ್ದು ಕೂರಲು ಹೋದರು.

"ನಾನೇ ಸಾರ್" ಎಂದು ಶೀಶೆ ತೆಗೆದುಕೊಟ್ಟೆ. ಅವರ ಮನೆಯಿಂದ ಹೊರಡುವಾಗ ದಾರಿಯಲ್ಲಿ ನುಂಗಿಸಬೇಕೆಂದು ಜೇಬಿಗೆ ಹಾಕಿಕೊಂಡಿದ್ದೆ. ಅದನ್ನು ಮಾತ್ರ ಹೇಳಲಿಲ್ಲ.

ಡಾಕ್ಟರು ಶೀಶೆಯ ಮೇಲಿನ ಇಂಗ್ಲಿಷ್ ಓದಿದರು. ಸಿರಿಂಜನ್ನು ತಟ್ಟೆಯಲ್ಲಿ ಇಟ್ಟರು. ಇಟ್ಟ ಸದ್ದು ಕೋಣೆಗೆಲ್ಲ ಕೇಳಿತು.

"ನೀನು ಯಾವ ಡಾಕ್ಟ್ರಯ್ಯಾ?"

"ಸೈಕಲ್ ಶಾಪ್ ಸಾರ್."

"ಇದೂ ನನ್ನ ಪಂಪೂ ಒಂದೇ ಕಡೆ ಎಳೆಯೋ ಎರಡು ಕುದುರೆ. ಟೀ ಇನ್ನೊಂದು. ಬೀಡಿ ಮತ್ತೊಂದು. ಇದರ ಮೇಲೆ ಅರ್ಧ ಸೂಜಿ ಚುಚ್ಚಿದ್ದರೆ ನಾಳೆ ಈ ತಳ್ಳುಗಾಡೀಲೇ ಬೇರೆ ಕಡೆ ತಗೊಂಡು ಹೋಗಬೇಕಿತ್ತು." ಕೊಳವೆ ತೆಗೆದು ಬಾಷಾ ಸಾಬರ ಬೆನ್ನಿಗೂ ಎದೆಗೂ ಇಟ್ಟು ಬಹಳ ಹೊತ್ತು ಕೇಳಿದರು. "ಸುಂಯ್ ಅನ್ನೋ ಸದ್ದೇ ಇಲ್ಲ. ಗಾಳಿ ಚೆನ್ನಾಗಿ ಆಡ್ತಿದೆ. ಇದು ಉಬ್ಬಸವೇ ಅಲ್ಲ ಬಾಷಾ, ನಿಮಗೆ ಹತ್ತಿರೋದು ಮದ್ದು."

"ಈಗೇನು ಕೊಡ್ತೀರಿ ಸ್ವಾಮಿ?" ಎಂದರು ಅಮೀರುನ್ನೀಸಾ.

"ಏನೂ ಕೊಡಲ್ಲ. ಇವರಿಗೆ ಈಗ ಬೇಕಾದ ಮದ್ದು ಅದೊಂದೇ."

ಮದ್ದು ಕೊಟ್ಟು ನಿಂತಿದ್ದ ನಮ್ಮ ನಾಲ್ವರಿಗೂ ಇದಕ್ಕಿಂತ ಕಷ್ಟದ ಚಿಕಿತ್ಸೆ ಇನ್ನೊಂದಿರಲಿಲ್ಲ. ಹಕೀಮರ ಕೈ ಎರಡು ಸಲ ಜಾಡಿಗೆ ಹೋಗಿ ವಾಪಸು ಬಂತು. ಪಂಡಿತರು ತಮ್ಮ ಗಂಟಿನ ಮೇಲೆ ತಾವೇ ಕೂತರು. ಡಾಕ್ಟರು ಹತ್ತು ನಿಮಿಷಕ್ಕೊಮ್ಮೆ ನಾಡಿ ಎಣಿಸಿ ಜೋರಾಗಿ ಹೇಳಿದರು. ನೂರಾ ಐವತ್ತು. ನೂರಾ ನಲವತ್ತಾರು. ಮತ್ತೆ ನೂರಾ ಐವತ್ತೆರಡು. ಅಮೀರುನ್ನೀಸಾ ಸೆರಗು ಕಚ್ಚಿಕೊಂಡರು. ನಾನು ಗೋಡೆಯ ಮೇಲಿನ ಸಿಡುಬಿನ ಚಿತ್ರಪಟವನ್ನು ಮೊದಲಿನಿಂದ ಕೊನೆಯವರೆಗೆ ಏಳು ಸಲ ಓದಿದೆ. ನೂರಾ ಮೂವತ್ತು. ನೂರಾ ಹದಿನೆಂಟು. ನೂರಾ ನಾಲ್ಕು ಎಂದಾಗ ಹಕೀಮರೂ ಪಂಡಿತರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಅದು ಗೊತ್ತಾಗಿ ಬಿಟ್ಟರು.

ತೊಂಬತ್ತಾರಕ್ಕೆ ಬಾಷಾ ಸಾಬರು ಕಣ್ಣು ಬಿಟ್ಟು, "ಯಾರಿಗೂ ಬೇಜಾರಾಗಿಲ್ವಾ?" ಎಂದರು.

ಡಾಕ್ಟರು ಒಂದು ಹಾಳೆ ತೆಗೆದು, ಕೊಟ್ಟವರ ಕೈಯಲ್ಲೇ ಅವರವರ ಮದ್ದನ್ನು ಬರೆಸಿ ಹೆಸರು ಹಾಕಿಸಿದರು. ಆಮೇಲೆ ಕೆಂಪು ಪೆನ್ಸಿಲ್ ಹಿಡಿದು ಒಂದೊಂದರ ಮೇಲೂ ಗೆರೆ ಎಳೆದರು. ಟೀ ಒಂದು ಲೋಟಕ್ಕೆ ಇಳಿಯಿತು. ಉಳಿದದ್ದು ಪಂಪು ಮಾತ್ರ, ಉಸಿರು ಸಿಕ್ಕಿಕೊಂಡಾಗ, ಎರಡು ಸಲ. "ತಪ್ಪಿದ್ದು ತಪ್ಪಿತು. ಮದ್ದಿಗೆ ಖಜಾ ಇಲ್ಲ" ಎಂದು ಕೆಳಗೆ ಬರೆದು ಗೀಟು ಹಾಕಿದರು. ಉಪವಾಸದ ವಿಷಯಕ್ಕೆ ಇಮಾಮರ ಮಾತೇ ತಮ್ಮ ಮಾತೂ ಎಂದರು. "ಈ ಹಾಳೆ ಪಂಪಿನ ಜೊತೆಗೇ ಇರಬೇಕು. ಇನ್ನು ಯಾರೇ ಏನೇ ಕೊಟ್ಟರೂ ಇದರಲ್ಲಿ ಬರೆಸಿ ನನಗೆ ತಂದು ತೋರಿಸಿ, ಆಮೇಲೆ ಬಾಯಿಗೆ ಹಾಕಿ."

ಹಬ್ಬ ಮುಗಿದ ವಾರ ಶೇಕ್ದಾರರು ಅಂಗಡಿಗೆ ಬಂದು, ದನಿ ತಗ್ಗಿಸಿ, "ಬಾಷಾ, ನಮ್ಮ ಭಾವಮೈದುನ ಕೊರಟಗೆರೆಯಿಂದ ಒಂದು ಭಸ್ಮ ಕಳಿಸಿದಾನೆ. ಉಬ್ಬಸ ಒಂದೇ ದಿನಕ್ಕೆ ಮಾಯ" ಎಂದರು.

ಬಾಷಾ ಸಾಬರ ಬಾಯಿ "ಆಯ್..." ಎಂದು ತೆರೆಯಿತು. ನಾನು ರಸ್ತೆಯ ಈಚೆಯಿಂದ ಸ್ಪ್ಯಾನರ್ ಹಿಡಿದು ಎದ್ದು ನಿಂತೆ. ಅವರು ಬಾಯಿ ಮುಚ್ಚಿ, ಹಸಿರು ಕರವಸ್ತ್ರ ಬಿಚ್ಚಿ ಹಾಳೆ ಹರಡಿದರು.

"ಇಲ್ಲಿ ಬರೀರಿ ಸ್ವಾಮಿ. ಭಸ್ಮದಲ್ಲಿ ಏನೈತೆ, ಕೊಟ್ಟೋರು ಯಾರು, ನಾನು ಸತ್ತರೆ ಪೊಲೀಸ್ನೋರು ಯಾರ ಮನೆಗೆ ಬರಬೇಕು."

ಶೇಕ್ದಾರರಿಗೆ ಕಚೇರಿಯಲ್ಲಿ ಅರ್ಜೆಂಟ್ ಕೆಲಸ ನೆನಪಾಯಿತು. ಹೋಗುವ ಮೊದಲು ಹಾಳೆಯನ್ನು ಮೇಲಿಂದ ಕೆಳಗೆ ಓದಿ, "ಈ ಪಟ್ಟಿ ಕೊನೇಲಿರೋ ಕದರಪ್ಪ ಯಾರು?" ಎಂದರು.

ಬಾಷಾ ಸಾಬರು ನನ್ನ ಕಡೆ ನೋಡಲಿಲ್ಲ. "ಯಾರೋ ಸ್ವಾಮಿ, ಬೇರೆ ಊರೋರು" ಎಂದು ಹಾಳೆ ಮಡಚಿಟ್ಟುಕೊಂಡರು.

ಆ ಹಾಳೆ ಈಗಲೂ ಅವರ ಜೇಬಿನಲ್ಲಿದೆ. ಹಕೀಮರ ಹೆಸರಿನ ಮೇಲೆ ಒಂದು ಕೆಂಪು ಗೆರೆ. ಪಂಡಿತರದರ ಮೇಲೆ ಒಂದು. ನನ್ನದರ ಮೇಲೆ ಎರಡು.